ಊರ ಕಲ್ಲು ಓದಲು ಮಕ್ಕಳ ಜೊತೆ ಹೊರಡಿ

ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಒಂದು ಕೆತ್ತನೆಯ ಕಲ್ಲು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಕಾಳಗದಲ್ಲಿ ಮಡಿದವರ ನೆನಪಿನ ಇಂಥ ವೀರಗಲ್ಲುಗಳಿವೆ. ಅವನ್ನು ನೋಡಲು ಟಿಕೆಟ್ ಬೇಡ, ರಜೆಗಾಗಿ ಕಾಯಬೇಕಿಲ್ಲ. ಅಕ್ಷರ ಕಲಿಯದ ಮಗುವೂ ಅವನ್ನು ಓದಬಲ್ಲದು.

ಓದುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ಬಿಲ್ಲು, ಕತ್ತಿ, ಕುದುರೆಗಳ ಜೊತೆ ದನಗಳೂ ಕಂಡರೆ ಆ ವೀರ ತುರು ಕಾಯುತ್ತ ಮಡಿದವನಿರಬಹುದು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಅವು ಇರುವವರೆಗೂ ಈತನ ಹೆಸರು ಉಳಿಯಲಿ ಎಂಬ ಹಾರೈಕೆ ಅದು. ಮೇಲ್ಗಡೆ ತೀರ್ಥಂಕರನಿದ್ದರೆ ಸತ್ತವನು ಜೈನ. ಉತ್ತರವನ್ನು ಹಿರಿಯರು ಮೊದಲೇ ಹೇಳಿಬಿಡಬಾರದು. ‘ಇವನ ಕೈಯಲ್ಲಿ ಏನಿದೆ? ಎದುರಿಗೆ ಯಾರಿದ್ದಾರೆ?’ ಎಂದು ಕೇಳಿದರೆ ಮಕ್ಕಳೇ ಕಥೆ ಕಟ್ಟುತ್ತಾರೆ, ದೊಡ್ಡವರು ಗಮನಿಸದ ನಾಯಿಮರಿಯನ್ನೋ ಬಾಣದ ತುದಿಯನ್ನೋ ತೋರಿಸುತ್ತಾರೆ.

ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಕೆತ್ತಿದ್ದರೆ ಅದು ಮಾಸ್ತಿಗಲ್ಲು. ಗಂಡನ ಚಿತೆಯಲ್ಲಿ ಪ್ರಾಣ ಬಿಟ್ಟ ಹೆಂಗಸಿನ ನೆನಪು. ಮಗು ‘ಯಾಕೆ?’ ಎಂದೇ ಕೇಳುತ್ತದೆ. ಆ ಪ್ರಶ್ನೆಯನ್ನು ಹಾರಿಸದೆ, ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳುವುದು ಒಳ್ಳೆಯದು.

ನಗರದಲ್ಲಿ ಇದೆಲ್ಲ ಎಲ್ಲಿ ಎನ್ನುವವರಿಗೆ ಬೆಂಗಳೂರೇ ಉತ್ತರ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರು ಹುಟ್ಟುವುದಕ್ಕೆ 600 ವರ್ಷಕ್ಕೂ ಹೆಚ್ಚು ಹಿಂದಿನ ಮಾತು ಇದು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನೆಂಬ ವೀರನ ಕಲ್ಲು ಇನ್ನೂ ಹಳೆಯದು, ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಮಕ್ಕಳು ದಿನವೂ ಓಡಾಡುವ ಬೀದಿಯಡಿ 1,200 ವರ್ಷಕ್ಕೂ ಹಿಂದಿನ ಕನ್ನಡ ಮಲಗಿತ್ತು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಲಾಲ್‌ಬಾಗ್‌ನ ಬಂಡೆ ಹತ್ತಬೇಕು. ಸುಮಾರು 300 ಕೋಟಿ ವರ್ಷ ಹಳೆಯ ಈ ನೈಸ್ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಅಲ್ಲೇ ಫಲಕ ಹಾಕಿದ್ದಾರೆ. ಕರಿ ಬಿಳಿ ಪಟ್ಟಿಗಳ ಮೇಲೆ ಬೆರಳಾಡಿಸಿದ ಮಗುವಿಗೆ ಭೂಮಿಯ ವಯಸ್ಸು ಪಾಠಪುಸ್ತಕದ ಸೊನ್ನೆಗಳಾಗಿ ಉಳಿಯುವುದಿಲ್ಲ.

ಕಲ್ಲು ನೋಡಲು ಬೆಳಗ್ಗೆ ಅಥವಾ ಸಂಜೆ ಹೋಗಬೇಕು. ಓರೆ ಬಿಸಿಲಿಗೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಮೋಡವಿದ್ದರೆ ಬದಿಯಿಂದ ಟಾರ್ಚ್ ಹಿಡಿದರಾಯಿತು. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು ಬೇಡ. ಒಂದು ಹಾಳೆಯಲ್ಲಿ ಚಿತ್ರ ಬರೆದು, ಊರ ಹಿರಿಯರು ಹೇಳುವ ಕಥೆಯನ್ನು ಪಕ್ಕದಲ್ಲೇ ಗುರುತು ಹಾಕಿಕೊಂಡರೆ ಸಾಕು. ಆ ಕಥೆ ಕಲ್ಲಿನಲ್ಲಿರುವುದಕ್ಕಿಂತ ಬೇರೆಯೇ ಆಗಿದ್ದರೂ ಬರೆದಿಡಬೇಕು.

ಕಲ್ಲಿನಲ್ಲಿ ಆಸಕ್ತಿ ಇಲ್ಲದ ಮಗುವಿಗೆ ಕೆರೆಯಂಗಳದ ಹಕ್ಕಿಗಳಿವೆ. ಪ್ರತಿ ಫೆಬ್ರುವರಿಯ ನಾಲ್ಕು ದಿನ ಜಗತ್ತಿನೆಲ್ಲೆಡೆ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಒಂದೆಡೆ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ‘ಇ-ಬರ್ಡ್’ ಜಾಲತಾಣದಲ್ಲಿ ದಾಖಲಿಸಿದರೆ ಮನೆಮಂದಿಯ ಪಟ್ಟಿಯೂ ವಿಜ್ಞಾನಿಗಳಿಗೆ ನೆರವಾಗುತ್ತದೆ. ಮೈನಾ, ಕಾಗೆ, ಕೊಕ್ಕರೆಗಳಿಂದಲೇ ಶುರು ಮಾಡಬಹುದು. ಫೆಬ್ರುವರಿಯಲ್ಲಿ ಕರ್ನಾಟಕದ ಕೆರೆಗಳಲ್ಲಿ ವಲಸೆ ಬಂದ ಬಾತುಗಳೂ ಇರುತ್ತವೆ.