ಕಲಾಚಿತ್ರಗಳ ಕೃತಿಸ್ವಾಮ್ಯ: ಅಧ್ಯಾಪನಕ್ಕೂ ಸಂಶೋಧನೆಗೂ ಇರುವ ಅವಕಾಶ

ಶಿಲ್ಪವನ್ನಾಗಲಿ ವರ್ಣಚಿತ್ರವನ್ನಾಗಲಿ ಕುರಿತು ಬರೆಯುವವನಿಗೆ ಮಾತೊಂದೇ ಸಾಲದು. ಬೇಲೂರಿನ ಮದನಿಕೆಯ ಭಂಗಿಯನ್ನು ಹತ್ತು ಪುಟಗಳಲ್ಲಿ ವರ್ಣಿಸಿದರೂ ಅದು ಓದುಗನ ಕಣ್ಣಿಗೆ ಕಟ್ಟುವುದು ಚಿತ್ರವೊಂದು ಜೊತೆಗಿದ್ದಾಗಲೇ. ಕಾವ್ಯವಿಮರ್ಶಕನು ನಾಲ್ಕು ಸಾಲುಗಳನ್ನು ಉದ್ಧರಿಸಿ ಮುಂದೆ ಸಾಗಬಹುದು. ಕಲಾವಿಮರ್ಶಕನಾದರೋ ಕೃತಿಯನ್ನು ಇಡಿಯಾಗಿಯೇ ಕೊಡಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಅನುಮತಿಯ ವೆಚ್ಚಕ್ಕೆ ಅಂಜಿ ಚಿತ್ರಗಳನ್ನು ಕೈಬಿಟ್ಟ ಗ್ರಂಥ ಅಪೂರ್ಣವಾಗುತ್ತದೆ. ಯಾರನ್ನೂ ಕೇಳದೆ ಅಚ್ಚು ಹಾಕಿದ ಗ್ರಂಥ ವ್ಯಾಜ್ಯಕ್ಕೆ ಎಡೆಯಾಗಬಹುದು. ಕಾನೂನಿನ ಸ್ವರೂಪವನ್ನು ತಿಳಿದುಕೊಂಡರೆ ಈ ಎರಡು ಕೇಡುಗಳಿಂದಲೂ ಪಾರಾಗಬಹುದು.

ಯಾವ ಚಿತ್ರವನ್ನು ಬಳಸುವಾಗಲೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಮೂಲ ಕಲಾಕೃತಿಗೆ ಕೃತಿಸ್ವಾಮ್ಯವಿದೆಯೇ? ಅದರ ಛಾಯಾಚಿತ್ರಕ್ಕೆ ಪ್ರತ್ಯೇಕ ಸ್ವಾಮ್ಯವಿದೆಯೇ? ಚಿತ್ರವನ್ನು ಒದಗಿಸಿದ ಸಂಸ್ಥೆ ಏನಾದರೂ ಕರಾರು ವಿಧಿಸಿದೆಯೇ?

ಮೊದಲನೆಯದು ಅವಧಿಯ ಪ್ರಶ್ನೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಕಲಾವಿದನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಸ್ವಾಮ್ಯವು ಅವನ ಆಯುಷ್ಯವಿಡೀ ಇದ್ದು, ನಿಧನಾನಂತರ ಮತ್ತೆ 60 ವರ್ಷ ನಡೆಯುತ್ತದೆ. ಮೊದಲು ಈ ಅವಧಿ 50 ವರ್ಷವಾಗಿತ್ತು. 1992ರ ತಿದ್ದುಪಡಿಯಿಂದ 60 ಆಯಿತು. ನಿಧನದ ಮರುವರ್ಷದ ಆರಂಭದಿಂದ ಎಣಿಕೆ ನಡೆಯುತ್ತದೆ. ಅವನೀಂದ್ರನಾಥ ಠಾಕೂರರು 1951ರಲ್ಲಿ ತೀರಿಕೊಂಡುದರಿಂದ ಅವರ ಅಂಥ ಕೃತಿಗಳ ಅವಧಿ 2011ರ ಕೊನೆಗೆ ಮುಗಿಯಿತು. ಅವರ ಶಿಷ್ಯರೂ ಮೈಸೂರಿನ ಹೆಸರಾಂತ ಚಿತ್ರಕಾರರೂ ಆದ ಕೆ. ವೆಂಕಟಪ್ಪನವರು 1965ರಲ್ಲಿ ನಿಧನರಾದರು. ಅದೇ ಎಣಿಕೆಯಲ್ಲಿ ಅವರ ಕೃತಿಗಳಿಗೆ 2025ರ ಕೊನೆಯೇ ಗಡಿ. ಹೊಯ್ಸಳರ ಕಾಲದ ಶಿಲ್ಪಗಳಿಗಂತೂ ಈ ಪ್ರಶ್ನೆಯೇ ಏಳದು.

ಇಲ್ಲಿ ಸಾಮಾನ್ಯವಾಗಿ ಒಂದು ಭ್ರಮೆಯುಂಟು. ಚಿತ್ರಪಟವನ್ನು ಕೊಂಡವನೇ ಅದರ ಸಕಲ ಹಕ್ಕುಗಳಿಗೂ ಒಡೆಯನೆಂದು ಜನ ಭಾವಿಸುತ್ತಾರೆ. ಪಟದ ಒಡೆತನ ಬೇರೆ, ಪ್ರತಿ ತೆಗೆಯುವ ಹಕ್ಕು ಬೇರೆ. ಕೃತಿಸ್ವಾಮ್ಯವನ್ನು ವರ್ಗಾಯಿಸಲು ಲಿಖಿತ ಪತ್ರ ಬೇಕೆಂದು ಕಾನೂನು ಹೇಳುತ್ತದೆ. ಆದುದರಿಂದ ಇತ್ತೀಚಿನ ಕಲಾವಿದನ ಕೃತಿಯಾದರೆ, ಅದನ್ನು ಕಾಪಾಡಿಕೊಂಡಿರುವ ಸಂಗ್ರಹಾಲಯದ ಒಪ್ಪಿಗೆಯೊಂದೇ ಸಾಲದೆ ಕಲಾವಿದನ ಅಥವಾ ಅವನ ವಾರಸುದಾರರ ಒಪ್ಪಿಗೆಯೂ ಬೇಕಾಗಬಹುದು.

ಎರಡನೆಯದು ಛಾಯಾಚಿತ್ರದ ಪ್ರಶ್ನೆ. ಹಳೆಯ ವರ್ಣಚಿತ್ರವೊಂದನ್ನು ಇದ್ದುದು ಇದ್ದಂತೆಯೇ ಸೆರೆಹಿಡಿದ ಛಾಯಾಚಿತ್ರಕ್ಕೆ ಹೊಸ ಸ್ವಾಮ್ಯ ಹುಟ್ಟುವುದೇ? ಬ್ರಿಟನ್ನಿನ ಬ್ರಿಡ್ಜ್‌ಮನ್ ಕಲಾಭಂಡಾರವು ಕೆನಡಾದ ಕೋರೆಲ್ ಕಂಪೆನಿಯ ಮೇಲೆ ಹೂಡಿದ ದಾವೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು 1999ರಲ್ಲಿ ಇಲ್ಲವೆಂದು ತೀರ್ಪಿತ್ತಿತು. ಯಥಾವತ್ ನಕಲಿನಲ್ಲಿ ಶ್ರಮವೂ ನೈಪುಣ್ಯವೂ ಇರಬಹುದು, ಸ್ವೋಪಜ್ಞತೆಯಿಲ್ಲವೆಂಬುದು ಅದರ ತಾತ್ಪರ್ಯ. ಐರೋಪ್ಯ ಒಕ್ಕೂಟವೂ 2019ರ ನಿರ್ದೇಶನದಲ್ಲಿ ಇದೇ ನಿಲುವನ್ನು ತಳೆಯಿತು. ಕೇವಲ ಶ್ರಮದಿಂದ ಸ್ವಾಮ್ಯ ಬಾರದು, ಕನಿಷ್ಠ ಮಟ್ಟದ ಸೃಜನಶೀಲತೆಯಾದರೂ ಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಈಸ್ಟರ್ನ್ ಬುಕ್ ಕಂಪೆನಿಯ ಮೊಕದ್ದಮೆಯಲ್ಲಿ 2007ರಲ್ಲಿ ಹೇಳಿದೆ. ಅದು ಕಾನೂನು ವರದಿಗಳಿಗೆ ಸಂಬಂಧಿಸಿದ ತೀರ್ಪಾದರೂ ಅದರ ತತ್ತ್ವ ಇಲ್ಲಿಗೂ ಹೊಂದುತ್ತದೆಂದು ವಾದಿಸಲು ಆಧಾರವಿದೆ.

ಶಿಲ್ಪದ ಛಾಯಾಚಿತ್ರದ ಮಾತು ಹಾಗಲ್ಲ. ಯಾವ ದಿಕ್ಕಿನಿಂದ ನೋಡಬೇಕು, ಬೆಳಕು ಎಲ್ಲಿ ಬೀಳಬೇಕು, ಯಾವ ಭಾಗ ಎದ್ದು ಕಾಣಬೇಕೆಂಬ ವಿವೇಚನೆ ಛಾಯಾಗ್ರಾಹಕನದು. ವಿಗ್ರಹಕ್ಕೆ ಎಂಟುನೂರು ವರ್ಷವಾಗಿದ್ದರೂ ಛಾಯಾಚಿತ್ರದ ಹಕ್ಕು ಜೀವಂತವಾಗಿರಬಹುದು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಮೆಡೋಸ್ ಟೇಲರ್ ಹಾಗೂ ಫರ್ಗ್ಯುಸನ್ನರ ಗ್ರಂಥದಲ್ಲಿರುವಂಥ ಹಳೆಯ ಛಾಯಾಚಿತ್ರಗಳು ಮಾತ್ರ ಎಂದೋ ಸಾರ್ವಜನಿಕ ಸ್ವತ್ತಾಗಿವೆ.

ಇನ್ನು ಕಾನೂನು ವಿದ್ಯೆಗೆ ಕೊಟ್ಟಿರುವ ರಿಯಾಯಿತಿಗಳು. ಅಧಿನಿಯಮದ 52ನೆಯ ಪ್ರಕರಣದಂತೆ, ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯ ಪ್ರತಿ ತೆಗೆಯುವುದು ಉಲ್ಲಂಘನೆಯಲ್ಲ. ಪ್ರಶ್ನಪತ್ರಿಕೆಗೂ ಉತ್ತರಕ್ಕೂ ಇದು ಅನ್ವಯಿಸುತ್ತದೆ. ಬೋಧನೆಯೆಂದರೆ ತರಗತಿಯೊಳಗಿನ ಉಪನ್ಯಾಸ ಮಾತ್ರವೇ ಅಲ್ಲವೆಂದು ದೆಹಲಿ ವಿಶ್ವವಿದ್ಯಾಲಯದ ನಕಲು ಪ್ರತಿಗಳ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ವಿಶಾಲವಾಗಿ ಅರ್ಥೈಸಿತು. ಸಂಶೋಧನೆ, ವಿಮರ್ಶೆ ಮತ್ತು ಸಮೀಕ್ಷೆಗಳಿಗಾಗಿ ನ್ಯಾಯೋಚಿತವಾಗಿ ಬಳಸಲೂ ಅವಕಾಶವಿದೆ. ಆದರೆ ಚರ್ಚೆಗೆ ಒಳಪಡದೆ, ಕೇವಲ ಅಲಂಕಾರಕ್ಕಾಗಿ ಮುಖಪುಟದಲ್ಲಿ ಅಚ್ಚಾದ ಚಿತ್ರವನ್ನು ವಿಮರ್ಶೆಯೆಂದು ಸಮರ್ಥಿಸುವುದು ಕಷ್ಟ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪವನ್ನು, ಅದು ಇಂದಿನ ಕಲಾವಿದನದೇ ಆಗಿದ್ದರೂ, ತಾನೇ ಚಿತ್ರಿಸಿ ಅಥವಾ ಛಾಯಾಚಿತ್ರ ತೆಗೆದು ಪ್ರಕಟಿಸಲು ಅದೇ ಪ್ರಕರಣದಲ್ಲಿ ಎಡೆಯಿದೆ. ಬಡ ಸಂಶೋಧಕನಿಗೆ ಇದು ದೊಡ್ಡ ಆಸರೆ.

ಮೂರನೆಯದು ಕರಾರು. ಕೃತಿಸ್ವಾಮ್ಯ ಮುಗಿದ ಚಿತ್ರಕ್ಕೂ ಸಂಗ್ರಹಾಲಯವು ಶುಲ್ಕ ಕೇಳಬಹುದು; ಸಹಿ ಹಾಕಿದವನು ಕರಾರಿಗೆ ಬದ್ಧ. ಪ್ರತಿಗಳ ಸಂಖ್ಯೆ, ಚಿತ್ರದ ಗಾತ್ರ, ಭಾಷೆ, ಮಾರಾಟವಾಗುವ ದೇಶ, ಮರುಮುದ್ರಣ, ವಿದ್ಯುನ್ಮಾನ ಪ್ರತಿ ಇವುಗಳನ್ನು ಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಅದೃಷ್ಟವಶಾತ್ ಕಾಲ ಬದಲಾಗಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 2017ರ ಫೆಬ್ರವರಿಯಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಲೋಕಕ್ಕೆ ತೆರೆದಿಟ್ಟಿತು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ 28 ಲಕ್ಷ ಚಿತ್ರಗಳನ್ನು ಬಿಡುಗಡೆ ಮಾಡಿತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ದೊರೆಯುವ ಚಿತ್ರಗಳೂ ಹೇರಳವಾಗಿವೆ. ಆದರೆ ಅವುಗಳಲ್ಲಿ ಕೆಲವಕ್ಕೆ ವಾಣಿಜ್ಯ ಬಳಕೆ ನಿಷಿದ್ಧ, ಕೆಲವನ್ನು ಮಾರ್ಪಡಿಸಿ ಹಂಚುವಂತಿಲ್ಲ. ಬೆಲೆಯಿಟ್ಟು ಮಾರುವ ಗ್ರಂಥಕ್ಕೆ ಬಳಸುವ ಮೊದಲು ಈ ಷರತ್ತುಗಳನ್ನು ಓದಲೇಬೇಕು.

ಹಣ ಕೊಡಬೇಕಾಗಿಲ್ಲದ ಕಡೆಯಲ್ಲಿಯೂ ಹೆಸರು ಹೇಳುವ ಋಣ ಉಳಿಯುತ್ತದೆ. ಕೃತಿಯ ಕರ್ತೃತ್ವವನ್ನು ಸಾರುವ ಹಕ್ಕನ್ನು 57ನೆಯ ಪ್ರಕರಣವು ಸ್ವಾಮ್ಯದಿಂದ ಪ್ರತ್ಯೇಕವಾಗಿ ಕಾಪಾಡಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದುದರಿಂದಲೇ ಇಂದು ಅವರ ಗುರುತು ನಮಗುಂಟು. ಕಲ್ಲಿನಲ್ಲಿ ಉಳಿದ ಆ ಹೆಸರು ನಮ್ಮ ಪುಟದ ಚಿತ್ರದಡಿಯಲ್ಲಿ ಅಳಿಸಿಹೋಗಬಾರದು. ಅದರ ಜೊತೆಗೆ ಛಾಯಾಗ್ರಾಹಕನ ಹೆಸರೂ ಕೃತಿಯಿರುವ ಸ್ಥಳವೂ ಬರಬೇಕು. ಮುಂದಿನ ಸಂಶೋಧಕನು ಮೂಲಕ್ಕೆ ಹೋಗಿ ಪರಿಶೀಲಿಸಲು ಅದೇ ದಾರಿ.