ಫೋಟೊ ಮರೆತದ್ದನ್ನು ಮೂಗು ನೆನಪಿಟ್ಟಾಗ

ನಮ್ಮ ಮನೆಯ ಹಳೆಯ ಆಲ್ಬಂನಲ್ಲಿ ಜೋಗ ಪ್ರವಾಸದ ಏಳು ಚಿತ್ರಗಳಿವೆ. ಒಂದರಲ್ಲೂ ಅಪ್ಪ ಇಲ್ಲ. ಎಲ್ಲವನ್ನೂ ತೆಗೆದವರು ಅವರೇ. ಈಗ ಅಪ್ಪನೂ ಇಲ್ಲ. ಆದರೆ ಎಲ್ಲಾದರೂ ಕಿತ್ತಳೆ ಸುಲಿದ ವಾಸನೆ ಬಂದರೆ ಸಾಕು, ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತಿದ್ದ ತಂಗಿಗೆ ಹಣ್ಣು ಸುಲಿದು ಕೊಡುತ್ತ, ವ್ಯಾನಿನ ಕ್ಯಾಸೆಟ್ಟಿನ ಜೊತೆಗೆ ಶ್ರುತಿ ತಪ್ಪಿ ಗುನುಗುತ್ತಿದ್ದ ಅಪ್ಪ ಪಕ್ಕದಲ್ಲೇ ಬಂದು ಕುಳಿತಂತಾಗುತ್ತದೆ. ಆಲ್ಬಂ ಉಳಿಸದ್ದನ್ನು ಮೂಗು ಹೇಗೆ ಉಳಿಸಿತು?

ಇದಕ್ಕೆ ಕಾರಣ ಮಿದುಳಿನ ರಚನೆಯಲ್ಲೇ ಇದೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮೊದಲು ಥಲಾಮಸ್ ಎಂಬ ಭಾಗಕ್ಕೆ ಹೋಗಿ, ಅಲ್ಲಿಂದ ಮುಂದಕ್ಕೆ ರವಾನೆಯಾಗುತ್ತವೆ. ವಾಸನೆಗೆ ಮಾತ್ರ ಈ ಸುತ್ತುದಾರಿ ಇಲ್ಲ. ಅದು ಭಾವನೆಯ ಕೇಂದ್ರವಾದ ಅಮಿಗ್ಡಲಾಕ್ಕೆ, ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನ ನೆರೆಗೆ ಬಹುತೇಕ ನೇರವಾಗಿಯೇ ತಲುಪುತ್ತದೆ. ಮೂಗು ವಾಸನೆಗಳನ್ನು ಗುರುತಿಸುವ ಬಗೆಯನ್ನು 1991ರಲ್ಲಿ ತೋರಿಸಿಕೊಟ್ಟ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಾತು, ಚಿತ್ರಗಳಿಗಿಂತ ವಾಸನೆಯೇ ನಮ್ಮನ್ನು ಹೆಚ್ಚಾಗಿ ಬಾಲ್ಯಕ್ಕೆ ಕರೆದೊಯ್ಯುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿದೆ.

ಇನ್ನು ಸಂಗೀತ. ಹಿಂದೆ ಬಾಡಿಗೆ ವ್ಯಾನಿನಲ್ಲಿ ಡ್ರೈವರ್ ಬಳಿ ಇರುತ್ತಿದ್ದುದೇ ಎರಡು ಮೂರು ಕ್ಯಾಸೆಟ್. ಅವನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿದ್ದ. ಬೇಸರವೆನಿಸಿದರೂ ಅದರಿಂದ ಒಂದು ಲಾಭವಿತ್ತು: ಆ ಹಾಡು ಆ ದಾರಿಗೇ ಅಂಟಿಕೊಳ್ಳುತ್ತಿತ್ತು. ಇಂದು ಮೊಬೈಲಿನಲ್ಲಿ ಸಾವಿರ ಹಾಡುಗಳಿವೆ, ಮನೆಮಂದಿಯ ಕಿವಿಗೆಲ್ಲ ಬೇರೆ ಬೇರೆ ಇಯರ್‌ಫೋನುಗಳಿವೆ. ಎಲ್ಲೆಲ್ಲೂ ಕೇಳುವ ಹಾಡು ಯಾವ ಜಾಗದ ಗುರುತೂ ಆಗುವುದಿಲ್ಲ. ಒಂದು ಬೀಗದ ಕೈ ಒಂದೇ ಬಾಗಿಲಿಗೆ ಹೊಂದಬೇಕು.

ಹಾಗಾದರೆ ಫೋಟೊ ಬೇಡವೇ? ಹಾಗೇನಿಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯಕರವಾಗಿದೆ. ವಸ್ತುಸಂಗ್ರಹಾಲಯದಲ್ಲಿ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ, ಇಡಿಯಾಗಿ ಫೋಟೊ ತೆಗೆದ ವಸ್ತುಗಳು ಜನರ ನೆನಪಿನಲ್ಲಿ ಕಡಿಮೆ ಉಳಿದವು. ಆದರೆ ಒಂದು ಭಾಗವನ್ನು ಹತ್ತಿರದಿಂದ ತೆಗೆದಾಗ ಈ ನಷ್ಟ ಆಗಲಿಲ್ಲ. ಗಮನ ಕೊಟ್ಟು ನೋಡಿದ್ದು ಉಳಿಯುತ್ತದೆ, ಕ್ಯಾಮೆರಾಕ್ಕೆ ಒಪ್ಪಿಸಿ ಕೈತೊಳೆದುಕೊಂಡದ್ದು ಜಾರುತ್ತದೆ.

ನಮ್ಮ ನಾಡಿನಲ್ಲಿ ಇಂದ್ರಿಯಗಳಿಗೆ ಔತಣವೇ ಇದೆ. ಮಾರ್ಚ್–ಏಪ್ರಿಲ್‌ನ ಮೊದಲ ಮಳೆ ಬಿದ್ದು ವಾರ ಹತ್ತು ದಿನಕ್ಕೆ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಕಾಫಿ ಹೂ ಬಿಡುತ್ತದೆ. ಮಲ್ಲಿಗೆಯನ್ನು ಹೋಲುವ ಆ ಪರಿಮಳ ಕೆಲವೇ ದಿನಗಳದು. ಕಾರಿನ ಎ.ಸಿ. ನಿಲ್ಲಿಸಿ ಕಿಟಕಿ ಇಳಿಸದಿದ್ದರೆ ಅದು ಸಿಗುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲೇ ಹತ್ತಬೇಕು. ಆ ಬಂಡೆಯ ಬಿಸಿ ಅಂಗಾಲಿಗೆ ನೆನಪಿರುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ಊದುಬತ್ತಿಗಳ ವಾಸನೆ ಒಟ್ಟಿಗೇ ಎದುರಾಗುತ್ತದೆ. ಮಳೆಗಾಲದ ಜೋಗದ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರೆ ಕಿವಿ ಬೇರೆಯೇ ಜೋಗವನ್ನು ಕಾಣುತ್ತದೆ.

ಮುಂದಿನ ರಜೆಗೆ ಹೊರಡುವಾಗ ಮನೆಮಂದಿಯೆಲ್ಲ ಕೂಡಿ ಒಂದೆರಡು ಹೊಸ ಹಾಡು ಆರಿಸಿಕೊಳ್ಳಿ. ಅವು ಆ ಪ್ರವಾಸಕ್ಕೇ ಮೀಸಲಿರಲಿ. ಅಜ್ಜಿಗೆ ಒಂದು ಹಾಡು ಹೇಳಲು ಬಿಡಿ, ಅಂತ್ಯಾಕ್ಷರಿ ಆಡಿ. ದಾರಿಗೆಂದೇ ಒಂದು ತಿಂಡಿ ಕಟ್ಟಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮಕ್ಕಳನ್ನು ‘ಇವತ್ತು ಏನು ನೋಡಿದಿರಿ’ ಎನ್ನುವುದರ ಜೊತೆಗೆ ‘ಏನು ಕೇಳಿಸಿತು, ಯಾವ ವಾಸನೆ ಬಂತು’ ಎಂದೂ ಕೇಳಿ. ಹೇಳಿಕೊಂಡ ನೆನಪು ಗಟ್ಟಿಯಾಗುತ್ತದೆ. ಊರಿಗೆ ಮರಳಿ ಕೆಲವು ತಿಂಗಳಾದ ಮೇಲೆ ಅದೇ ಹಾಡು ಹಾಕಿ, ಅದೇ ತಿಂಡಿ ಮಾಡಿ.

ಹಾಗೆಯೇ ಮೊಬೈಲಿನಲ್ಲಿ ಒಂದೆರಡು ನಿಮಿಷ ಬರೀ ಧ್ವನಿಯನ್ನು ಹಿಡಿದಿಡಿ: ನೀರಿನ ಮೊರೆತ, ಮಕ್ಕಳ ಜಗಳ, ಹಿರಿಯರ ಗೊಣಗಾಟ. ಆಗ ಅದು ಏನೂ ಅಲ್ಲವೆನಿಸಬಹುದು. ನಮ್ಮ ಮನೆಯಲ್ಲಿ ಅಪ್ಪನ ಆ ಗುನುಗು ಯಾವ ಟೇಪಿನಲ್ಲೂ ಇಲ್ಲ. ಕಿತ್ತಳೆ ಹಣ್ಣಿನ ಕಾಲ ಬರುವುದನ್ನೇ ನಾವು ಕಾಯಬೇಕು.