ಅರ್ಧಕ್ಕೆ ನಿಂತ ಅಜ್ಜಿಯ ಹಾಡು

ನಮ್ಮ ಮನೆಯ ಡಿವಿಡಿ ಪ್ಲೇಯರಿಗೆ ವಯಸ್ಸಾಗಿತ್ತು. ಡಿಸ್ಕ್ ಹಾಕಿದರೆ ಗರಗರ ಸದ್ದು. ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಸಿನಿಮಾ ನಿಂತರೆ ನನಗೇನೂ ಚಿಂತೆಯಿರಲಿಲ್ಲ. ಆದರೆ ಯುಗಾದಿ ರಜೆಗೆ ಬಂದ ಮೊಮ್ಮಗಳು ತನ್ನ ಅಪ್ಪ-ಅಮ್ಮನ ಮದುವೆಯ ಡಿಸ್ಕ್ ಹಾಕಿದಳು. ಅವಳು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿ ಹಸೆಮಣೆಯ ಪಕ್ಕ ನಿಂತು ಹಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ನಿಂತೇಹೋಯಿತು.

“ತಾತ, ಅಜ್ಜಿ ದನಿ ಹೇಗಿತ್ತು?” ಎಂದಳು ಪುಟ್ಟಿ. ಮರುದಿನವೇ ಅವಳನ್ನು ಕರೆದುಕೊಂಡು ಹೊಸ ಪ್ಲೇಯರ್ ಹುಡುಕಲು ಹೊರಟೆ.

ಎರಡು ಅಂಗಡಿಗಳಲ್ಲಿ “ಈಗ ಯಾರು ಸಾರ್ ಡಿಸ್ಕ್ ನೋಡ್ತಾರೆ?” ಎಂದರು. ಮೂರನೆಯದರಲ್ಲಿ ಒಂದು ಬ್ಲೂ-ರೇ ಪ್ಲೇಯರ್ ಸಿಕ್ಕಿತು. “ಇದರಲ್ಲಿ ಹಾಕಿದ್ರೆ ಹಳೇ ಡಿಸ್ಕೂ ಹೊಸದರ ಹಾಗೇ ಕಾಣುತ್ತೆ” ಎಂದ ಅಂಗಡಿಯ ಹುಡುಗ. ಅದು ನಿಜವೇ? ಮಕ್ಕಳೇ, ಸ್ವಲ್ಪ ಲೆಕ್ಕ ಹಾಕೋಣ.

ಟಿ.ವಿ. ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ನಮ್ಮ ದೇಶದ ಡಿವಿಡಿಯಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳಿರುತ್ತವೆ. ಗುಣಿಸಿದರೆ 4,14,720. ಬ್ಲೂ-ರೇ ಡಿಸ್ಕಿನಲ್ಲಿ 1920 ಮತ್ತು 1080, ಅಂದರೆ 20 ಲಕ್ಷಕ್ಕೂ ಹೆಚ್ಚು. 4ಕೆ ಟಿ.ವಿ.ಯಲ್ಲಿ ಸುಮಾರು 83 ಲಕ್ಷ! ಹಳೆಯ ಡಿಸ್ಕಿನ ನಾಲ್ಕು ಲಕ್ಷ ಚುಕ್ಕಿಗಳಿಂದ ಅಷ್ಟು ದೊಡ್ಡ ಪರದೆ ತುಂಬಬೇಕಾದರೆ ಉಳಿದದ್ದನ್ನು ಪ್ಲೇಯರೋ ಟಿ.ವಿ.ಯೋ ಅಕ್ಕಪಕ್ಕದ ಚುಕ್ಕಿ ನೋಡಿ ಅಂದಾಜಿನಿಂದ ಇಡುತ್ತದೆ. ಒಳ್ಳೆಯ ಯಂತ್ರದ ಅಂದಾಜು ಚೆನ್ನಾಗಿರುತ್ತದೆ, ಅಷ್ಟೇ. ಖಾತೆಯಲ್ಲಿ ಇಲ್ಲದ ಹಣವನ್ನು ಯಾವ ಗುಮಾಸ್ತನೂ ಕೊಡಲಾರ!

ಹಾಗಾದರೆ ಹೊಸದರ ಪ್ರಯೋಜನವೇನು? ಓದುವ ಕಣ್ಣು. ಡಿಸ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತುಗಳು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತವೆ. ಲೇಸರ್ ಬೆಳಕು ಅವನ್ನು ಓದುತ್ತದೆ. ಡಿವಿಡಿಗೆ 650 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು, ಬ್ಲೂ-ರೇಗೆ 405ರ ನೇರಳೆ ಬೆಳಕು. ಅಲೆ ಚಿಕ್ಕದಾದಷ್ಟೂ ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ಹಾಗಾಗಿಯೇ ಅದೇ 12 ಸೆಂ.ಮೀ. ಅಗಲದ ಡಿಸ್ಕಿನ ಒಂದು ಪದರದಲ್ಲಿ ಡಿವಿಡಿ 4.7 ಜಿ.ಬಿ. ಹಿಡಿದರೆ ಬ್ಲೂ-ರೇ 25 ಜಿ.ಬಿ. ಹಿಡಿಯುತ್ತದೆ. ಬ್ಲೂ-ರೇ ಪ್ಲೇಯರಿನಲ್ಲಿ ಎರಡೂ ಬೆಳಕುಗಳಿರುವುದರಿಂದ ಹಳೆಯ ಡಿವಿಡಿಯನ್ನೂ ಓದುತ್ತದೆ. ಆದರೆ ಡಿವಿಡಿ ಪ್ಲೇಯರಿನಲ್ಲಿ ಬ್ಲೂ-ರೇ ಡಿಸ್ಕ್ ಓಡದು. ಕೆಂಪು, ಬಿಳಿ, ಹಳದಿ ವೈರುಗಳ ಬದಲು ಒಂದೇ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಚಿತ್ರವೂ ಶುಭ್ರ.

ಕೊಳ್ಳುವ ಮೊದಲು ನಿಮ್ಮ ಡಿಸ್ಕನ್ನೇ ಅಂಗಡಿಗೆ ಒಯ್ದು ಹಾಕಿಸಿ ನೋಡಿ. ನಾವೂ ಹಾಗೇ ಮಾಡಿದೆವು. ಮನೆಗೆ ಬಂದು ಪುಟ್ಟಿ ಡಿಸ್ಕಿನ ಅಂಚು ಹಿಡಿದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಳು. ಸುತ್ತ ತಿರುಗಿಸಿ ಒರೆಸಬಾರದು. ಗೀರು ಬಿದ್ದರೆ ಸುರುಳಿಯ ಉದ್ದಕ್ಕೂ ಓದಲು ತೊಡಕು.

ಹಸೆಮಣೆ ಬಂತು. ಅಜ್ಜಿ ಬಾಯಿ ತೆರೆದಳು. ಹಾಡಿದಳು! ಎರಡನೇ ನುಡಿಯಲ್ಲಿ ಒಂದು ಪದ ಮರೆತು ನಕ್ಕಳು. ಅದು ನನಗೂ ಮರೆತುಹೋಗಿತ್ತು.

ಅಂದೇ ಅಳಿಯನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಮಾರುವ ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ. ಮದುವೆಯ ಡಿಸ್ಕ್ ಹಾಗಲ್ಲ. ಅದರಲ್ಲಿನ ಬಣ್ಣದ ಪದರದ ಮೇಲೆ ಲೇಸರಿನಿಂದ ಬರೆದಿರುತ್ತಾರೆ. ಬಿಸಿಲು, ಸೆಕೆ, ವರ್ಷಗಳು ಸೇರಿ ಆ ಬಣ್ಣ ಕೆಡುತ್ತದೆ. ಪೂರ್ತಿ ಕೆಟ್ಟ ಮೇಲೆ ಎಷ್ಟು ದುಬಾರಿ ಪ್ಲೇಯರ್ ತಂದರೂ ವ್ಯರ್ಥ. ಅಳಿಯ ಕಂಪ್ಯೂಟರಿನಲ್ಲಿ ಅದರ ಎರಡು ನಕಲು ತೆಗೆದ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಅವರ ಮನೆಯಲ್ಲಿ.

ಅಜ್ಜ-ಅಜ್ಜಿಯರೇ, ನಿಮ್ಮ ಬೀರುವಿನಲ್ಲೂ ಅಂಥ ಡಿಸ್ಕ್ ಇದ್ದರೆ ಈ ಭಾನುವಾರವೇ ಹೊರತೆಗೆಯಿರಿ. ಪುಟ್ಟಿ ಈಗ ಆ ಹಾಡು ಗುನುಗುತ್ತಾಳೆ, ಅಜ್ಜಿ ನಕ್ಕ ಜಾಗದಲ್ಲಿ ತಾನೂ ನಗುತ್ತಾಳೆ.